ಬಿಡಿ ಎಂದರೆ ಬೀಡಿ ಎಂದು ಕೇಳಬಾರದು: ಮನೆಯಲ್ಲೇ ಕನ್ನಡ ರ‍್ಯಾಪ್ ಹಾಡು ಮಾಡುವವರಿಗೆ

ಹಗಲಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಲೆಕ್ಕಪತ್ರ ನೋಡುತ್ತೇನೆ, ರಾತ್ರಿ ಬೀಟ್, ಅಂದರೆ ರ‍್ಯಾಪ್ ಹಾಡಿನ ಹಿನ್ನೆಲೆ ಸಂಗೀತ, ಮಾಡುತ್ತೇನೆ. ಬೆಂಗಳೂರಿನ ಶ್ರೀನಗರದಲ್ಲಿ ಎರಡನೇ ಮಹಡಿ, ಹತ್ತು ಅಡಿಗೆ ಹನ್ನೊಂದು ಅಡಿಯ ಕೋಣೆ. ಮಲಗುವುದೂ ಅಲ್ಲೇ, ರೆಕಾರ್ಡಿಂಗ್ ಕೂಡ ಅಲ್ಲೇ. ಊರಿನಲ್ಲಿ ಒಮ್ಮೆ ‘ನಾನು ಪ್ರೊಡ್ಯೂಸರ್’ ಎಂದು ಹೇಳಿಕೊಂಡಾಗ ಚಿಕ್ಕಪ್ಪ ಗಾಬರಿಯಾಗಿ, ‘ಯಾವ ಸಿನಿಮಾಕ್ಕಪ್ಪಾ ದುಡ್ಡು ಹಾಕಿದ್ದೀಯ?’ ಎಂದು ಕೇಳಿದರು. ಅಂದಿನಿಂದ ‘ಬೀಟ್ ಮಾಡುವವನು’ ಎಂದಷ್ಟೇ ಹೇಳುತ್ತೇನೆ.

ಆರು ವರ್ಷಗಳಲ್ಲಿ ಈ ಕೋಣೆಗೆ ನಲವತ್ತಕ್ಕೂ ಹೆಚ್ಚು ಹುಡುಗರು, ಏಳು ಹುಡುಗಿಯರು ಬಂದು ಹಾಡಿ ಹೋಗಿದ್ದಾರೆ. ಹೆಚ್ಚುಕಡಿಮೆ ಎಲ್ಲರೂ ಮೊದಲು ಕೇಳುವುದು ಒಂದೇ: ಯಾವ ಮೈಕ್ ಕೊಳ್ಳಬೇಕು? ಮೈಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಹಾಡು ಕೆಡುವುದು ಮೈಕಿನಿಂದಲ್ಲ, ಅದಕ್ಕೂ ಬಹಳ ಮೊದಲು ಹಾಳೆಯ ಮೇಲೆ.

ಮಾತ್ರೆ ಎಣಿಸಿ ಬರೆಯಿರಿ

2024ರಲ್ಲಿ ಬೆಂಗಳೂರಿನ ರ‍್ಯಾಪ್ ವಲಯದಿಂದ ಬಂದ ಹನುಮಾನ್‌ಕೈಂಡ್, ಬೀಟ್ ಮಾಡಿದ ಕಲ್ಮಿ ಇಬ್ಬರೂ ‘ಬಿಗ್ ಡಾಗ್ಸ್’ ಹಾಡಿನಿಂದ ಜಗತ್ತಿನ ಕಿವಿಗೆ ಬಿದ್ದ ಮೇಲೆ ನನ್ನ ಕೋಣೆಗೆ ಬರುವ ಪ್ರತಿ ಎರಡನೆಯ ಹುಡುಗನಿಗೂ ಅದೇ ನಡೆ ಬೇಕು. ಹಾಡು ಚೆನ್ನಾಗಿಯೇ ಇದೆ. ಆದರೆ ಅದು ಇಂಗ್ಲಿಷ್ ನಡೆ. ಇಂಗ್ಲಿಷ್ ಒಂದು ಅಕ್ಷರವನ್ನು ಒತ್ತಿ, ಪಕ್ಕದ್ದನ್ನು ನುಂಗುತ್ತದೆ. ಕನ್ನಡಕ್ಕೆ ಹ್ರಸ್ವ ಹ್ರಸ್ವವಾಗಿಯೇ ಇರಬೇಕು, ದೀರ್ಘ ದೀರ್ಘವಾಗಿಯೇ ಇರಬೇಕು. ಒಬ್ಬ ಹುಡುಗ ಕಣ್ಣು ಕೆಂಪು ಮಾಡಿಕೊಂಡು ‘ನನ್ನನ್ನು ಬಿಡಿ’ ಎಂದು ಬರೆದ ಸಾಲನ್ನು ಅಮೆರಿಕದ ಧಾಟಿಗೆ ಎಳೆದು ಹಾಡಿದ. ಕೇಳಿಸಿ ನೋಡಿದರೆ ‘ನನ್ನನ್ನು ಬೀಡಿ’. ಅವನೂ ನಕ್ಕ. ಆದರೆ ಆ ರಾತ್ರಿಯ ಕೆಲಸ ಅಲ್ಲಿಗೇ ನಿಂತಿತು.

ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯೇ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಸೊನ್ನೆ ಇರುವ ಅಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು. ಪರೀಕ್ಷೆಯಲ್ಲಿ ಮೂರು ಅಂಕಕ್ಕೆ ಕಲಿತು ಮರೆತ ಆ ಲೆಕ್ಕವೇ ಇಲ್ಲಿ ಬೇಕಾಗಿರುವುದು. ರ‍್ಯಾಪ್ ಬೀಟಿನ ಒಂದು ಬಾರ್‌ನಲ್ಲಿ ನಾಲ್ಕು ತಾಳ, ಪ್ರತಿ ತಾಳದಲ್ಲಿ ನಾಲ್ಕು ಸಣ್ಣ ಮನೆ, ಒಟ್ಟು 16. ನಾಲ್ಕು ಮಾತ್ರೆಯ ನಾಲ್ಕು ಗಣ ಸೇರಿದ ಮಂದಾನಿಲ ರಗಳೆಯ ಒಂದು ಸಾಲು ಕೂಡ 16 ಮಾತ್ರೆ. ಹನ್ನೆರಡನೇ ಶತಮಾನದಲ್ಲಿ ಹರಿಹರ ರಗಳೆಗಳನ್ನು ಹರಿಯಬಿಟ್ಟಾಗ ಡ್ರಮ್ ಮಷೀನ್ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಹೊಸಬರಿಗೆ ತೋರಿಸಲೆಂದು ನಾನೇ ಕಟ್ಟಿದ ಎರಡು ಸಾಲು ಗೋಡೆಯ ಮೇಲಿದೆ:

ಬಸ್ಸಿನ ಕಂಬಿಗೆ ಜೋತಿದೆ ಜೀವನ
ಮೆಸ್ಸಿನ ಸಾರಲಿ ಕಂಡೆನು ಚಂದ್ರನ

ಸಾಲಿಗೆ ಹನ್ನೆರಡು ಅಕ್ಷರ, ಹದಿನಾರು ಮಾತ್ರೆ. ಪ್ರತಿ ಪದದ ಮೊದಲ ಅಕ್ಷರ ಗುರು, ಅದು ನೇರವಾಗಿ ತಾಳದ ಮೇಲೆ ಬೀಳುತ್ತದೆ. ನಿಮಿಷಕ್ಕೆ 90 ತಾಳದ ಬೀಟಿನಲ್ಲಿ ಒಂದು ಬಾರ್ ಸುಮಾರು 2.67 ಸೆಕೆಂಡ್, ಅಂದರೆ ಸೆಕೆಂಡಿಗೆ ಆರು ಮಾತ್ರೆ. ಬಾಯಿಗೂ ಆಯಾಸವಿಲ್ಲ, ಕೇಳುವವರಿಗೂ ಪದ ತಪ್ಪುವುದಿಲ್ಲ.

ಎಲ್ಲ ಸಾಲೂ ಹೀಗೇ ಇದ್ದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ. ಆಗ ಮೂರರ ಗಣ ತನ್ನಿ: ‘ನಮ್ಮ ಊರ ರಸ್ತೆ ತುಂಬ ಗುಂಡಿಯೆ’. ಮೂರು, ಮೂರು, ಮೂರು, ಮೂರು, ಕೊನೆಗೆ ನಾಲ್ಕು, ಒಟ್ಟು ಹದಿನಾರೇ. ಆದರೆ ನಡುವಿನ ಮೂರು ಪದ ತಾಳದಿಂದ ಜಾರಿ ಬೀಳುತ್ತವೆ, ‘ಗುಂಡಿ’ ಮಾತ್ರ ಸರಿಯಾಗಿ ನಾಲ್ಕನೇ ತಾಳಕ್ಕೇ ಬಂದು ಬೀಳುತ್ತದೆ. ನಾನು ಮೃದಂಗವನ್ನು ನಾಲ್ಕು ವರ್ಷ ಕಲಿತು ಅರ್ಧಕ್ಕೆ ಬಿಟ್ಟವನು. ಅಲ್ಲಿ ಇದು ನಾಲ್ಕು ‘ತಕಿಟ’, ಒಂದು ‘ತಕದಿಮಿ’. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆಯನ್ನೂ ತರಬಹುದು. ಏಳು, ಏಳು ಆದ ಮೇಲೆ ಎರಡು ಮಾತ್ರೆ ಉಳಿಯುತ್ತದೆ, ಅದನ್ನು ಖಾಲಿ ಬಿಟ್ಟು ಉಸಿರು ತೆಗೆದುಕೊಳ್ಳಿ.

ಇನ್ನು ಪ್ರಾಸ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಹೊಸಬರ ಹಾಳೆಯ ತುಂಬ ಬರುತ್ತೇನೆ, ತೋರಿಸುತ್ತೇನೆ, ಗೆಲ್ಲುತ್ತೇನೆ. ಅದು ಪ್ರಾಸವಲ್ಲ, ಕ್ರಿಯಾಪದದ ಬಾಲ. ಕ್ರಿಯಾಪದವನ್ನು ನಡುವಿಗೆ ತಳ್ಳಿ, ಕೊನೆಗೆ ನಾಮಪದ ನಿಲ್ಲಿಸಿ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇಡುತ್ತಿದ್ದರು: ಬಸ್ಸಿನ, ಮೆಸ್ಸಿನ. ಸಾಲು ಶುರುವಾಗುತ್ತಿದ್ದಂತೆಯೇ ಕಿವಿಗೆ ಹಿಡಿತ ಸಿಗುತ್ತದೆ. ಅಂತ್ಯದ ಪ್ರಾಸವೂ ಸೇರಿದರೆ ಇನ್ನೂ ಒಳ್ಳೆಯದು. ಆದರೆ ಪ್ರಾಸಕ್ಕಾಗಿ ಅರ್ಥ ಕೆಡಿಸುವುದಾದರೆ ಪ್ರಾಸವನ್ನೇ ಬಿಟ್ಟುಬಿಡಿ.

ಹಾಳೆಯ ಮೇಲೆ ಬರೆದದ್ದನ್ನು ಬೀಟ್ ಇಲ್ಲದೆ, ಬರೀ ಚಪ್ಪಾಳೆ ತಟ್ಟಿ ಇಪ್ಪತ್ತು ಸಲ ಹೇಳಿ. ಉಸಿರು ಎಲ್ಲಿ ಎಂದು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ನನ್ನ ಬಳಿ ಬರುವವರು ಮೊಬೈಲ್ ನೋಡಿಕೊಂಡು ಹಾಡಿದರೆ ನಾನು ರೆಕಾರ್ಡ್ ಮಾಡುವುದಿಲ್ಲ. ಕಣ್ಣು ಪರದೆಯ ಮೇಲಿದ್ದರೆ ಕತ್ತು ಬಗ್ಗುತ್ತದೆ, ದನಿಯೂ ಬಗ್ಗುತ್ತದೆ.

ಬೀಟ್ ಯಾರದು?

ಅಂತರ್ಜಾಲದಲ್ಲಿ ‘ಉಚಿತ’ ಎಂದು ಸಿಗುವ ಬೀಟ್‌ಗಳು ಸಾಮಾನ್ಯವಾಗಿ ಹಣ ಮಾಡದ ಬಳಕೆಗೆ ಮಾತ್ರ ಉಚಿತ. ಸ್ವಲ್ಪ ಹಣ ಕೊಟ್ಟು ಲೀಸ್‌ಗೆ ತೆಗೆದುಕೊಂಡ ಬೀಟ್ ಕೂಡ ನಿಮ್ಮದಲ್ಲ. ಅದೇ ಬೀಟ್ ಇನ್ನೂ ಇನ್ನೂರು ಜನರ ಬಳಿ ಇರಬಹುದು. ಎಷ್ಟು ಸ್ಟ್ರೀಮ್‌ವರೆಗೆ ಅನುಮತಿ, ಹಾಡನ್ನು ತಾನೇ ಗುರುತಿಸಿ ಹಕ್ಕಿನ ದೂರು ಹಾಕುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಸೇರಿಸಬಹುದೇ ಎಂಬ ಎರಡು ಷರತ್ತನ್ನಾದರೂ ಓದಿ. ಲೀಸ್ ಬೀಟಿನ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಿದರೆ ಬೇರೆ ಬಡಪಾಯಿಗಳ ಹಾಡಿನ ಮೇಲೆಲ್ಲ ನಿಮ್ಮ ಹೆಸರಿನಲ್ಲಿ ದೂರು ಹೋಗುತ್ತದೆ.

ಹಳೆಯ ಚಿತ್ರಗೀತೆಯ ತುಣುಕು ಹಾಕಬೇಕೆಂಬ ಆಸೆ ಎಲ್ಲರಿಗೂ ಇದೆ, ನನಗೂ ಇದೆ. ಒಂದು ಹಾಡಿನಲ್ಲಿ ಹಕ್ಕುಗಳು ಬೇರೆಬೇರೆ: ಧ್ವನಿಮುದ್ರಣದ್ದು ಒಂದು, ಸಾಹಿತ್ಯದ್ದು ಇನ್ನೊಂದು, ರಾಗ ಸಂಯೋಜನೆಯದ್ದು ಮತ್ತೊಂದು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ನಂತರ 60 ವರ್ಷ, ಸಾಹಿತ್ಯ ಮತ್ತು ಸಂಯೋಜನೆಯದ್ದು ಕರ್ತೃ ತೀರಿಕೊಂಡ ನಂತರ 60 ವರ್ಷ. ‘ವಚನ ತಾನೇ, ಎಂಟುನೂರು ವರ್ಷ ಹಳೆಯದು’ ಎಂದುಕೊಂಡು ಕ್ಯಾಸೆಟ್‌ನಿಂದ ಎತ್ತಿದ ಹುಡುಗಿಗೆ ಹಾಡು ಬಿಟ್ಟ ಎರಡೇ ದಿನದಲ್ಲಿ ದೂರು ಬಂತು. ವಚನ ಬಸವಣ್ಣನದೇ. ಅದಕ್ಕೆ ರಾಗ ಹಾಕಿದವರು, ಹಾಡಿದವರು ನಮ್ಮ ಕಾಲದವರು. ವಚನವನ್ನು ನೀವೇ ಹೊಸ ಧಾಟಿಯಲ್ಲಿ ಹೇಳಿ, ತೊಂದರೆ ಇಲ್ಲ.

ಗೆಳೆಯನೇ ಬೀಟ್ ಮಾಡಿದ್ದರೂ ಬರೆದುಕೊಳ್ಳಿ. ಒಂದು ಹಾಳೆ ಸಾಕು: ಹಾಡಿನ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಬಂದ ಹಣದಲ್ಲಿ ಯಾರಿಗೆ ನೂರಕ್ಕೆ ಎಷ್ಟು, ದಿನಾಂಕ, ಇಬ್ಬರ ಸಹಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಎಂದು ಭಾವಿಸಲಾಗುತ್ತದೆ. ಯಾವುದಾದರೂ ಆಡಿಯೊ ಕಂಪನಿ ‘ಎಲ್ಲ ಹಕ್ಕೂ, ಎಂದೆಂದಿಗೂ’ ಎಂಬ ಕಾಗದ ಮುಂದಿಟ್ಟರೆ ಮನೆಗೆ ತಂದು ಎರಡು ದಿನ ಇಟ್ಟುಕೊಳ್ಳಿ. ನಾನು ಚಹಾ ಆರುವ ಮೊದಲೇ ಸಹಿ ಹಾಕಿ, ಆ ಹಾಡನ್ನು ಈಗ ನನ್ನದೇ ಚಾನೆಲಿನಲ್ಲಿ ಹಾಕಲಾಗದೆ ಕೂತಿದ್ದೇನೆ.

ಕೋಣೆ, ಕೌದಿ, ಮೈಕ್

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಡಿ. ಜಿರಳೆ ಬರುತ್ತದೆಯೇ ಹೊರತು ಸದ್ದು ನಿಲ್ಲುವುದಿಲ್ಲ. ಮೈಕ್ ನಿಮ್ಮ ಮುಖ ನೋಡುತ್ತಿರುತ್ತದೆ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ನೋಡುತ್ತಿರುತ್ತದೆ. ಆ ಗೋಡೆಯಿಂದ ಮರಳಿದ ದನಿಯೇ ‘ಬಾತ್‌ರೂಮ್ ಸದ್ದು’. ದಪ್ಪ ಬಟ್ಟೆ ಬೇಕಾಗಿರುವುದು ಅಲ್ಲಿ. ನನ್ನ ಕೋಣೆಯಲ್ಲಿ ಹಗ್ಗ ಕಟ್ಟಿ ಎರಡು ಕೌದಿ ತೂಗುಹಾಕಿದ್ದೇನೆ, ಒಂದು ಅಜ್ಜಿ ಹೊಲಿದದ್ದು, ಇನ್ನೊಂದು ಧಾರವಾಡದ ಗೆಳೆಯನ ಮನೆಯದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯ ಕೆಲಸವನ್ನು ತೆಳುವಾದ ಫೋಮ್ ಮಾಡಲಾರದು. ಕೌದಿ ಇಲ್ಲದವರು ಹಾಸಿಗೆಯನ್ನು ನಿಲ್ಲಿಸಿ, ಇಲ್ಲವೇ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಲ್ಲಿ.

ಈಗ ಮೈಕ್. ಕಂಡೆನ್ಸರ್ ಮೈಕ್ ಸೂಕ್ಷ್ಮ, 48 ವೋಲ್ಟ್ ಬೇಡುತ್ತದೆ, ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ರಸ್ತೆ ಪಕ್ಕದ ಮನೆಯಾದರೆ ವೇದಿಕೆಗಳಲ್ಲಿ ಬಳಸುವ ಡೈನಮಿಕ್ ಮೈಕೇ ಸಾಕು. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರ. ನಮ್ಮ ಪ, ಬ, ಭ ಗಾಳಿಯನ್ನು ನೇರವಾಗಿ ಎಸೆಯುತ್ತವೆ, ಹಾಗಾಗಿ ಮೈಕನ್ನು ಬಾಯಿಗೆ ತುಸು ಓರೆಯಾಗಿ ಇಡಿ. ಕಸೂತಿ ಹಾಕುವ ಮರದ ಬಳೆಗೆ ಹಳೆಯ ನೈಲಾನ್ ಕಾಲುಚೀಲ ಬಿಗಿದು ನಡುವೆ ನಿಲ್ಲಿಸಿದರೆ ಪಾಪ್ ಫಿಲ್ಟರ್ ಆಯಿತು. ಫ್ಯಾನ್ ಆರಿಸಿ, ಬೆವರಿ.

ಸಾಫ್ಟ್‌ವೇರ್‌ಗೆ ಹಣ ಸುರಿಯುವ ಅಗತ್ಯವಿಲ್ಲ. ಆಡಾಸಿಟಿ ಉಚಿತ, ನಾನು ರೀಪರ್ ಬಳಸುತ್ತೇನೆ, 60 ದಿನ ಪ್ರಯತ್ನಿಸಿ ನೋಡಿ ಆಮೇಲೆ ಕೊಳ್ಳಬಹುದು. 24 ಬಿಟ್, 48 ಕಿಲೋಹರ್ಟ್ಸ್ ಇಡಿ. ನೀವು ಅತಿ ಜೋರಾಗಿ ಕೂಗುವ ಸಾಲನ್ನು ಕೂಗಿ, ದನಿಯ ಮಟ್ಟ ತೋರಿಸುವ ಮುಳ್ಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಹೊಂದಿಸಿ. ಕೆಂಪು ಮುಟ್ಟಿದ ದನಿಯನ್ನು ಯಾರೂ ರಿಪೇರಿ ಮಾಡಲಾರರು. ಒಂದೊಂದೇ ಸಾಲನ್ನು ತುಂಡು ತುಂಡಾಗಿ ಹಾಡಿ ಅಂಟಿಸಬೇಡಿ. ಎಂಟು ಬಾರ್ ಒಂದೇ ಹುರುಪಿನಲ್ಲಿ ಹೋಗಲಿ, ತಪ್ಪಿದ ಜಾಗವನ್ನು ಮಾತ್ರ ಹಿಂದಿನ ಸಾಲಿನಿಂದ ಹಿಡಿದು ಮತ್ತೆ ಹಾಡಿ. ನಮ್ಮ ಬೀದಿಯಲ್ಲಿ ರಾತ್ರಿ ಒಂದರಿಂದ ನಾಲ್ಕು ಒಳ್ಳೆಯ ಹೊತ್ತು. ನಾಲ್ಕೂವರೆಗೆ ಹಾಲಿನ ಗಾಡಿ ಬರುತ್ತದೆ.

ಮಿಕ್ಸಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕಿವಿಯ ಕೆಲಸ. ದನಿಯ 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಕತ್ತರಿಸಿ. ಸ, ಶ ಚುಚ್ಚಿದರೆ 5ರಿಂದ 8 ಕಿಲೋಹರ್ಟ್ಸ್ ನಡುವೆ ತಗ್ಗಿಸಿ. ಸ್ಪಾಟಿಫೈ ಹಾಡುಗಳನ್ನೆಲ್ಲ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ಮಟ್ಟಕ್ಕೆ ತರುತ್ತದೆ, ಆದ್ದರಿಂದ ಜೋರಿಗಾಗಿ ಹಾಡಿನ ಪ್ರಾಣ ಹಿಂಡಬೇಡಿ. ಕೊನೆಗೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹಾಕಿ ಕೆಳಗಿನ ಮನೆಯ ಅಜ್ಜಿಗೆ ಕೇಳಿಸುತ್ತೇನೆ. ಅವರಿಗೆ ಹಾಡು ಇಷ್ಟವಾಗಬೇಕಿಲ್ಲ, ಈವರೆಗೆ ಒಂದೂ ಆಗಿಲ್ಲ. ಪದಗಳನ್ನು ತಿರುಗಿ ಹೇಳಿದರೆ ಮಿಕ್ಸ್ ಮುಗಿಯಿತು.

ಹಾಡು ಹೊರಗೆ ಬಿಡುವಾಗ

ಹಾಡನ್ನು ಸ್ಪಾಟಿಫೈ ಮುಂತಾದ ಕಡೆ ತಲುಪಿಸುವ ವಿತರಣಾ ಸೇವೆಗೆ ಕನಿಷ್ಠ ಮೂರು ವಾರ ಮೊದಲೇ ಕೊಡಿ. ಹಾಡಿನ ಪಟ್ಟಿಗಳನ್ನು ಮಾಡುವ ಸ್ಪಾಟಿಫೈ ಸಂಪಾದಕರಿಗೆ ಹಾಡು ತೋರಿಸಲು ಬಿಡುಗಡೆಗೆ ಏಳು ದಿನವಾದರೂ ಉಳಿದಿರಬೇಕು. ಮುಖಪುಟದ ಚಿತ್ರ 3000 ಗುಣಿಸು 3000 ಪಿಕ್ಸೆಲ್. ಭಾಷೆಯ ಜಾಗದಲ್ಲಿ ಕನ್ನಡ ಎಂದೇ ಆರಿಸಿ. ನಿಮ್ಮ ಹೆಸರಿನ ಕಾಗುಣಿತ ಪ್ರತಿ ಹಾಡಿಗೂ ಒಂದೇ ಇರಲಿ. ಇಲ್ಲವಾದರೆ ನಿಮ್ಮ ಹಾಡು ಇನ್ನಾರದೋ ಪುಟದಲ್ಲಿ ಹೋಗಿ ಕೂರುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸ್ಟ್ರೀಮ್ ದಾಟದ ಹಾಡಿಗೆ ಸ್ಪಾಟಿಫೈ 2024ರಿಂದ ಹಣ ಕೊಡುವುದಿಲ್ಲ. ಹಾಗಾಗಿ ತಿಂಗಳಿಗೆ ನಾಲ್ಕು ಅರೆಬೆಂದ ಹಾಡು ಬಿಡುವುದಕ್ಕಿಂತ ಎರಡು ತಿಂಗಳಿಗೆ ಒಂದು ಬಿಡಿ.

ಕಂಪ್ಯೂಟರಿನಿಂದ ಕಡತ ತೆಗೆಯುವಾಗ ಮೂರು ಪ್ರತಿ ತೆಗೆಯಿರಿ: ಪೂರ್ತಿ ಹಾಡು, ಬರೀ ಬೀಟ್, ಮತ್ತು ವೇದಿಕೆಯ ಪ್ರತಿ. ವೇದಿಕೆಯ ಪ್ರತಿ ಎಂದರೆ ಮುಖ್ಯ ದನಿ ತೆಗೆದು, ಹುಕ್ (ಪಲ್ಲವಿಯಂತೆ ಮರಳಿ ಬರುವ ಸಾಲು) ಮತ್ತು ಹಿನ್ನೆಲೆಯ ಕೂಗು ಮಾತ್ರ ಉಳಿಸಿದ್ದು. ನಮ್ಮಂಥವರಿಗೆ ಮೊದಲ ವೇದಿಕೆ ಸಿಗುವುದು ಬಡಾವಣೆಯ ಗಣೇಶೋತ್ಸವದಲ್ಲಿ, ಆರ್ಕೆಸ್ಟ್ರಾ ಮುಗಿದ ಮೇಲೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು, ಆದ್ದರಿಂದ ‘ಕೊನೆಗೆ ನಿಮ್ಮದೇ’ ಎಂದು ಸಂಘದವರು ಅಕ್ಕರೆಯಿಂದ ಹೇಳಿದರೂ ಒಪ್ಪಬೇಡಿ, ಒಂಬತ್ತರ ಒಳಗೆ ಕೇಳಿಕೊಳ್ಳಿ. ಸೌಂಡ್ ಸಿಸ್ಟಮ್‌ನವರ ಬಳಿ ನಿಮ್ಮ ಮೊಬೈಲಿಗೆ ಹೊಂದುವ ವೈರ್ ಇರುವುದಿಲ್ಲ, ಮನೆಯಿಂದಲೇ ಒಯ್ಯಿರಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನನ್ನ ಮೊದಲ ಕಾರ್ಯಕ್ರಮದಲ್ಲಿ ಎರಡನೇ ಚರಣದ ನಡುವೆ ಅಮ್ಮನ ಕರೆ ಬಂದು, ಎರಡು ಆಳೆತ್ತರದ ಸ್ಪೀಕರುಗಳಲ್ಲಿ ನನ್ನ ರಿಂಗ್‌ಟೋನ್ ಇಡೀ ಬೀದಿಗೆ ಕೇಳಿಸಿತು. ಆ ಸಂಜೆ ಜನ ಕುಣಿದದ್ದು ಅದಕ್ಕೆ ಮಾತ್ರ.