ಥೈರಾಯ್ಡ್ ಇರೋರು ಡಾಕ್ಟ್ರ ಹತ್ರ ಹೋಗೋ ಮುಂಚೆ ಒಂದು ಹಾಳೆ ಬರ್ಕೊಂಡು ಹೋಗಿ

ರಿಪೋರ್ಟ್ ಕಟ್ಟು ಹಂಗೇ ಕೊಡ್ಬೇಡಿ, ಒಂದೇ ಹಾಳೇಲಿ ತಾರೀಖು, ಥೈರಾಯ್ಡ್ ರಕ್ತಪರೀಕ್ಷೇಲಿ ಬರೋ ಮುಖ್ಯ ನಂಬರ್ ಆದ ಟಿಎಸ್‌ಎಚ್, ಆಗ ತಗೊಳ್ತಿದ್ದ ಮಾತ್ರೆ ಎಷ್ಟು ಮೈಕ್ರೋಗ್ರಾಂ ಅಂತ ಸಾಲಾಗಿ ಬರ್ದು, ಕೆಳಗೆ ಜಾಸ್ತಿ ಕಾಡ್ತಿರೋ ಎರಡು ಮೂರು ತೊಂದರೆ (ಸುಸ್ತು, ಕೂದ್ಲು ಉದುರೋದು, ಮುಟ್ಟಿನ ಏರುಪೇರು, ಏನೇ ಇರ್ಲಿ) ಯಾವಾಗಿಂದ ಅಂತ ಹಾಕಿ ಅದನ್ನೇ ಮೊದ್ಲು ಮುಂದಿಡಿ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು ಕಾದು ಕೂತ್ರೂ ಒಳಗೆ ಸಿಗೋ ಟೈಮು ಕಮ್ಮಿ, ಒಂದೇ ರಿಪೋರ್ಟ್ ನೋಡಿದ್ರೆ "ನಾರ್ಮಲ್ ಇದೆ" ಅಂತ ಮುಗಿದುಹೋಗುತ್ತೆ, ಸಾಲಾಗಿ ನೋಡಿದ್ರೆ ಏರ್ತಿದೆಯೋ ಇಳೀತಿದೆಯೋ ತಕ್ಷಣ ಕಾಣುತ್ತೆ. "ನಾರ್ಮಲ್ ಅಂದ್ರೂ ಸುಸ್ತು ಹೋಗಿಲ್ಲ ಮೇಡಂ, ಫ್ರೀ ಟಿ4 (ಇನ್ನೊಂದು ಥೈರಾಯ್ಡ್ ಟೆಸ್ಟ್), ಹಿಮೋಗ್ಲೋಬಿನ್, ವಿಟಮಿನ್ ಬಿ12 ನೋಡ್ಬೇಕಾ" ಅಂತ ಬಾಯಿಬಿಟ್ಟು ಕೇಳಿ, ನಮ್ಮ ಹೆಂಗಸರು ಇಲ್ಲೇ ಸಂಕೋಚ ಪಡೋದು, ದಯವಿಟ್ಟು ಬೇಡ. ಡೋಸ್ ಬದಲಾಗಿ 6 ವಾರ ಆಗೋದ್ರೊಳಗೆ ಮಾಡ್ಸಿದ ಟೆಸ್ಟ್ ಹಾಳೇಲಿದ್ರೆ ಅದು ದಾರಿ ತಪ್ಪಿಸುತ್ತೆ, ಕೂದ್ಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೊಳ್ತಿದ್ರೂ ನಂಬರ್ ತಪ್ಪು ಬರಬಹುದು, ಟೆಸ್ಟಿಗೆ ಮುಂಚೆ ಎಷ್ಟು ದಿನ ನಿಲ್ಲಿಸ್ಬೇಕು ಅಂತ ಡಾಕ್ಟ್ರನ್ನ ಕೇಳ್ಕೊಳ್ಳಿ. ಬಸುರಿ ಅಂತ ಗೊತ್ತಾದ್ರೆ ಮಾತ್ರ ಹಾಳೆಗೀಳೆ ಅಂತ ಕಾಯ್ಬೇಡಿ, ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಹೇಳಿ.