ರೋಮ್ ನಗರವನ್ನು ನೋಡುವ ಕ್ರಮ

ರೋಮಿನ ಮುಖ್ಯ ಪ್ರಾಚೀನ ತಾಣಗಳು ಒಂದಕ್ಕೊಂದು ಹತ್ತಿರದಲ್ಲೇ ಇರುವುದರಿಂದ, ಒಂದು ಇಡೀ ಬೆಳಗನ್ನು ಕೊಲೋಸಿಯಮ್, ರೋಮನ್ ಫೋರಮ್ (ಪ್ರಾಚೀನ ನಗರದ ಸಾರ್ವಜನಿಕ ಚೌಕ) ಮತ್ತು ಪ್ಯಾಲಟೈನ್ ಗುಡ್ಡಕ್ಕೆ ಮೀಸಲಿಡುವುದು ಸೂಕ್ತ. ಮೂರಕ್ಕೂ ಒಂದೇ ಟಿಕೆಟ್ ಸಾಕು. ಆದರೆ ಕೊಲೋಸಿಯಮ್ ಪ್ರವೇಶಕ್ಕೆ ನಿಗದಿತ ವೇಳೆಯಿರುವ ಕಾರಣ ಅದನ್ನು ಆನ್‌ಲೈನಿನಲ್ಲಿ ಮುಂಚಿತವಾಗಿಯೇ ಕಾದಿರಿಸಬೇಕು. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಉದ್ಘಾಟಿಸಿದ ಈ ರಂಗಮಂದಿರದಲ್ಲೇ ಬಹುತೇಕರು ಹೊತ್ತು ಕಳೆಯುತ್ತಾರಾದರೂ, ಪ್ಯಾಲಟೈನ್ ಮೇಲಿನಿಂದ ಫೋರಮ್ಮಿನ ಅವಶೇಷಗಳನ್ನು ಒಟ್ಟಾಗಿ ನೋಡಿದಾಗಲೇ ಹಳೆಯ ನಗರದ ವಿನ್ಯಾಸ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಧ್ಯಾಹ್ನ ಪ್ರಾಚೀನ ದೇಗುಲವಾದ ಪ್ಯಾಂಥಿಯನ್, ನವೋನಾ ಚೌಕ ಮತ್ತು ಟ್ರೆವಿ ಕಾರಂಜಿಯನ್ನು ನಡೆದೇ ನೋಡಬಹುದು. ಪ್ಯಾಂಥಿಯನ್ನಿನ ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೆರೆದ ಕಿಂಡಿಯಿದ್ದು, ಮಳೆ ಬಂದರೆ ನೀರು ಒಳಗೇ ಸುರಿದು ನೆಲದ ರಂಧ್ರಗಳ ಮೂಲಕ ಹರಿದುಹೋಗುತ್ತದೆ. 2023ರಿಂದ ಇಲ್ಲಿಗೂ ಪ್ರವೇಶಶುಲ್ಕವಿದೆ. ದಣಿವಾಯಿತೆಂದು ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕುಳಿತರೆ ದಂಡ ತೆರಬೇಕಾದೀತು! ಬಾಟಲಿಯೊಂದು ಜೊತೆಗಿದ್ದರೆ ಬೀದಿಬದಿಯ ನಾಸೋನಿ ನಲ್ಲಿಗಳಲ್ಲಿ ಕುಡಿಯುವ ನೀರು ಉಚಿತವಾಗಿ ಸಿಗುತ್ತದೆ.

ವ್ಯಾಟಿಕನ್ನಿಗೆ ಪ್ರತ್ಯೇಕ ದಿನವೇ ಬೇಕು. ಅಲ್ಲಿನ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟರೆ ಉಳಿದ ಭಾನುವಾರಗಳಂದು ಮುಚ್ಚಿರುತ್ತವೆ. ಸಂತ ಪೀಟರನ ಬಸಿಲಿಕ ಎಂಬ ಮಹಾಚರ್ಚಿನ ಪ್ರವೇಶ ಉಚಿತವಾದರೂ ಹೆಗಲು, ಮೊಣಕಾಲು ಮುಚ್ಚುವ ಉಡುಪು ಧರಿಸದವರನ್ನು ಬಾಗಿಲಲ್ಲೇ ತಡೆಯುತ್ತಾರೆ.