ಎಡಗೈ ಕಟ್ಟಿಹಾಕಿದ ಆಪರೇಷನ್

ಕಾರವಾರದಲ್ಲಿ ಮಳೆಗಾಲ ಶುರುವಾದರೆ ನನ್ನ ಓಪಿಡಿಯಲ್ಲಿ ಕಿವಿ ಸೋರುವವರದ್ದೇ ಸಾಲು. ಅರ್ಧ ಜನ ಬಿಸಿ ತೆಂಗಿನೆಣ್ಣೆ ಬಿಟ್ಟುಕೊಂಡೇ ಬಂದಿರುತ್ತಾರೆ.

ಕಿವಿ ತಮಟೆಯ ತೂತು ಮುಚ್ಚಲು ನಾನು ವರ್ಷಗಟ್ಟಲೆ ಮೈಕ್ರೋಸ್ಕೋಪನ್ನೇ ನಂಬಿದ್ದೆ. ಕಿವಿ ಹಿಂದೆ ಕೊಯ್ದು, ಎರಡೂ ಕೈಯಲ್ಲಿ ಆರಾಮಾಗಿ ಕೆಲಸ. ಈಗ ಅದನ್ನೇ ಎಂಡೋಸ್ಕೋಪಿನಲ್ಲಿ, ಅಂದರೆ ತುದಿಯಲ್ಲಿ ಲೆನ್ಸು, ಲೈಟು ಇರುವ ಕೊಳವೆಯಲ್ಲಿ, ಕಿವಿಬಾಯಿಯಿಂದಲೇ ಮಾಡುತ್ತೇನೆ. ಅದು ನನಗೆ ಹೊಸದೇನಲ್ಲ, ಕಣ್ಣೀರಿನ ಚೀಲದ ಆಪರೇಷನ್ನನ್ನು ಮೂಗಿನೊಳಗಿಂದ ಅದರಲ್ಲೇ ಮಾಡುತ್ತಿದ್ದೆ. ಆದರೆ ಮೂಗು ಜಗಲಿಯಾದರೆ ಕಿವಿ ಓಣಿ. ಸುಮಾರು 2.5 ಸೆಂ.ಮೀ. ಉದ್ದದ ಆ ಓಣಿಯಲ್ಲಿ 3 ಮಿ.ಮೀ. ದಪ್ಪದ ಕೊಳವೆಯನ್ನು ಎಡಗೈ ಹಿಡಿದೇ ಇರಬೇಕು. ಉಳಿದದ್ದು ಬಲಗೈ. ರಕ್ತ ಹೀರಬೇಕೋ, ಚರ್ಮ ಎಬ್ಬಿಸಬೇಕೋ, ಒಂದು ಸಲಕ್ಕೆ ಒಂದೇ.

ಅಭ್ಯಾಸಕ್ಕೆ ಕುರಿ ತಲೆ ತಂದೆ. 'ಕಿವಿ ಕತ್ತರಿಸಬೇಡ ಮಾರಾಯಾ' ಅಂದರೆ ಮಟನ್ ಅಂಗಡಿಯವನು, 'ಸೂಪಿಗೆ ಕಿವಿ ಯಾಕೆ ಡಾಕ್ಟ್ರೇ?' ಅಂದ.

ಕುರಿ ತಲೆಯಲ್ಲಿ ರಕ್ತ ಬರುವುದಿಲ್ಲ ಅಲ್ವಾ, ಅಲ್ಲೇ ಮೋಸ ಹೋದೆ. ಮೊದಲ ಕೇಸಿನಲ್ಲಿ ಇಂಜೆಕ್ಷನ್ ಕೊಟ್ಟವನೇ ಶುರು ಮಾಡಿದೆ. ಲೆನ್ಸಿಗೆ ಒಂದು ಹನಿ ತಾಗಿದರೆ ಟಿವಿ ಪರದೆಯೆಲ್ಲ ಕೆಂಪು. ಒರೆಸಿ ಒಳಗಿಟ್ಟರೆ ಮತ್ತೆ ಕೆಂಪು. ಸೋತು ಮೈಕ್ರೋಸ್ಕೋಪ್ ಎಳೆದುಕೊಂಡೆ. ಹೀಗಾಗಬಹುದು ಅಂತ ರೋಗಿಗೆ ಮೊದಲೇ ಹೇಳಿದ್ದೆ, ಪುಣ್ಯ.

ಈಗ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆತ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದು ಕೊಟ್ಟು, ಗಡಿಯಾರ ನೋಡಿ 10 ನಿಮಿಷ ಸುಮ್ನೆ ಕೂರುತ್ತೇನೆ. ಟೇಬಲ್ಲಿನ ತಲೆಭಾಗ ಸ್ವಲ್ಪ ಎತ್ತರಿಸುತ್ತೇನೆ. ಕಿವಿಯೊಳಗಿನ ಕೂದಲು ಮೊದಲೇ ಕತ್ತರಿಸುತ್ತೇನೆ, ಇಲ್ಲದಿದ್ದರೆ ಲೆನ್ಸ್ ಅದಕ್ಕೇ ಒರೆಸಿಕೊಳ್ಳುತ್ತದೆ. ಚರ್ಮವನ್ನು ಅಡ್ರಿನಲಿನ್ ಅದ್ದಿದ ಹತ್ತಿ ಉಂಡೆಯಿಂದಲೇ ತಳ್ಳಿ ಎಬ್ಬಿಸಿದರೆ ರಕ್ತವೂ ನಿಲ್ಲುತ್ತದೆ, ಕೆಲಸವೂ ಸಾಗುತ್ತದೆ. ಲೈಟು ಅರ್ಧಕ್ಕಿಂತ ಜಾಸ್ತಿ ಇಡುವುದಿಲ್ಲ. ಕೊಳವೆಯ ತುದಿ ಬಿಸಿಯಾಗುತ್ತದೆ, ಪಕ್ಕದಲ್ಲೇ ಒಳಗಿವಿ.

ಇಷ್ಟೆಲ್ಲ ಯಾಕೆ ಅಂದರೆ, ಮೈಕ್ರೋಸ್ಕೋಪು ಓಣಿಯ ಬಾಯಲ್ಲಿ ನಿಂತು ನೇರ ನೋಡುತ್ತದೆ. ಎಂಡೋಸ್ಕೋಪು ಒಳಗೇ ಹೋಗಿ ಮೂಲೆ ತಿರುಗಿ ನೋಡುತ್ತದೆ. ಕಿವಿಯೊಳಗಿನ, ಅಕ್ಕಿಕಾಳಿಗಿಂತ ಚಿಕ್ಕದಾದ ರಿಕಾಪು ಎಲುಬು (ಸ್ಟೇಪಿಸ್) ಪರದೆ ತುಂಬ ಕಾಣುತ್ತದೆ. ಆದರೆ ರೋಗ ಕಿವಿ ಹಿಂದಿನ ಎಲುಬಿಗೆ ಹಬ್ಬಿದ್ದರೆ ನಾನು ಈಗಲೂ ಮೈಕ್ರೋಸ್ಕೋಪು, ಡ್ರಿಲ್ಲೇ ಹಿಡಿಯುತ್ತೇನೆ. ಅಲ್ಲಿ ಹಟ ಬೇಡ.

ಮೊನ್ನೆ ಬೋಟಿಗೆ ಹೋಗುವ ಹುಡುಗನೊಬ್ಬನ ತೂತು ಮುಚ್ಚಿದೆ. ಕಿವಿಬಾಯಿಯ ಮುಂದಿನ ಮೆತ್ತನೆ ಎಲುಬಿನ ಪೊರೆಯಿಂದ ತೇಪೆ, ಹೊಲಿಗೆ ಎರಡೇ, ತಲೆಗೆ ಪಟ್ಟಿ ಇಲ್ಲ. ಅವನ ಆಯಿ ಕಿವಿ ಹಿಂದೆ ಎರಡು ಸಲ ನೋಡಿ, 'ಆಪರೇಷನ್ ಆಗಿದ್ದು ಹೌದಾ ಡಾಕ್ಟ್ರೇ?' ಅಂದರು. ವಿಡಿಯೋ ಹಚ್ಚಿ ತೋರಿಸಿದೆ. ಅರ್ಧಕ್ಕೇ ಮುಖ ತಿರುಗಿಸಿ, 'ಸಾಕು, ಆಗಿದೆ' ಅಂದರು.